ಸೋಮವಾರ ನಿಂತ ಟ್ರಾಕ್ಟರ್

೧೦-೧೦-೧೯೮೩, ಸೋಮವಾರ. ನ್ಯಾಮತಿ.

ಟ್ರಾಕ್ಟರ್ ಭೀಮಕ್ಕನ ಹೊಲದಲ್ಲೇ ನಿಂತಿದೆ. ಅರ್ಧ ಹೊಲವೂ ಉತ್ತಾಗಿಲ್ಲ.

ತಪ್ಪು ನನ್ನದೇ. ಎಂಜಿನ್ನಿನಲ್ಲಿ ಏನೋ ಕಟಕಟ ಅಂದಂತಾಯಿತು, ಗಾಬರಿಯಲ್ಲಿ ಆಫ್ ಮಾಡಿಬಿಟ್ಟೆ. ಇಳಿಜಾರಿನಲ್ಲಿ ತಳ್ಳದೆ ಈ ಮುದಿ ಗಾಡಿ ಶುರುವಾಗುವುದಿಲ್ಲ ಅಂತ ಗೊತ್ತಿದ್ದೂ, ಸಮತಟ್ಟು ಹೊಲದ ನಟ್ಟನಡುವೆ. ನೋಡಿದರೆ ಟೂಲ್ ಬಾಕ್ಸಿನ ಮುಚ್ಚಳ ಅಲುಗುತ್ತಿತ್ತು, ಅಷ್ಟೇ.

"ಎತ್ತು ಕಟ್ಟಿ ಎಳೆಸೋಣ ಅಕ್ಕಾ" ಅಂದೆ.

"ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡಾಕಿಲ್ಲ ಅಂತ ತಾನೆ ನಿನ್ನ ಮಾತಿಗೆ ಒಪ್ಪಿದ್ದು ತಮ್ಮಾ? ಈಗ ನಿನ್ನ ಗಾಡೀನೂ ಸೋಮವಾರ ಹಿಡಿದೈತೆ!" ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ನಾನು ಸೈಕಲ್ ಅಂಗಡಿ ಮುಚ್ಚಿ ಶೋಕಿಗೆ ಉಳುವವನು. ಹಿಂಗಾರಿ ಜೋಳ ಬಿತ್ತಬೇಕಾದವಳು ಅವಳು. ನಿನ್ನೆಯೇ ಎತ್ತು ಹೂಡುತ್ತಿದ್ದಳು, ಸೋಮವಾರ ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಅಂತ ತಡೆದವನು ನಾನೇ.

ನಾಳೆ ಅವಳ ಎತ್ತುಗಳು ಮೊದಲು ನನ್ನ ಗಾಡಿಯನ್ನು ಎಳೆಯಬೇಕು. ಅದು ಶುರುವಾಗದಿದ್ದರೆ ಹೊಲವನ್ನೂ ಅವೇ ಉಳಬೇಕು. ತಳ್ಳಿ ತಳ್ಳಿ ನನ್ನ ರಟ್ಟೆ ಬಿದ್ದುಹೋಗಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ಹೊರಗೆ ಒಣಗಾಳಿ ಎದ್ದಿದೆ. ಅಷ್ಟರಲ್ಲಿ ಮಣ್ಣಿನ ಹದ ಆರಿಬಿಟ್ಟರೆ ಅಕ್ಕನಿಗೆ ಏನಂತ ಹೇಳಲಿ?