ಅಮ್ಮನ ಕಾಲಳತೆಯ ಕಾರು

ಮಂಗಳವಾರ, ಮಾರ್ಚ್ ೧೧

ಪುಟ್ಟೀ,

ಹೇಗಿದೀಯ? ಅಮ್ಮ ಊಟ ಸರಿಯಾಗಿ ಮಾಡ್ತಿದಾಳಾ? ನಿನ್ನ ಕಾಗದ ಬಂದು ಹದಿನೈದು ದಿನ ಆಯ್ತು, ನಾನು ಒಂದು ಸಾಲು ಬರೆದಿಲ್ಲ. ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಫೋನ್ ಮಾಡಬಹುದಿತ್ತು, ನಿಜ. ಆದ್ರೆ ಫೋನಲ್ಲಿ ನೀನು "ಸರಿ ಅಕ್ಕ, ಸರಿ ಅಕ್ಕ" ಅಂತ ಎರಡೇ ಮಾತಲ್ಲಿ ಇಟ್ಟುಬಿಡ್ತೀಯ. ಕಾಗದ ಆದ್ರೆ, ನೀನು ಲೈಬ್ರರಿ ಕೆಲಸದವಳು, ಓದೋದನ್ನ ಅರ್ಧಕ್ಕೆ ಬಿಡಲ್ಲ ಅನ್ನೋ ಧೈರ್ಯ.

ಸುದ್ದಿ ಮೊದಲು ಹೇಳಿಬಿಡ್ತೀನಿ. ಕಾರು ಸಿಕ್ತು! ಶನಿವಾರ ಅಮ್ಮನ್ನ ಆಸ್ಪತ್ರೆಯಿಂದ ಬಿಡೋ ಹೊತ್ತಿಗೆ ನಾವು ಬಾಗಿಲಲ್ಲಿ ನಿಂತಿರ್ತೀವಿ. ನಿನ್ನೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ ಕಣೇ.

ಈ ಹದಿನೈದು ದಿನ ನಾವು ಪಟ್ಟ ಪಾಡು ಕೇಳು. ಆಪರೇಷನ್ ಆದ ಮಂಡೀನ ಅಮ್ಮ ಆರು ವಾರ ಮಡಚೋ ಹಾಗಿಲ್ಲ, ಕಾಲು ಚಾಚಿಕೊಂಡೇ ಇರಬೇಕು ಅಂತ ಡಾಕ್ಟರು ಹೇಳಿದ್ದು ನೀನೇ ಬರೆದಿದ್ದೆ. ಅವಳನ್ನ ಕರ್ಕೊಂಡು ಬರೋಕೆ ನಿಮ್ಮೂರಿಂದ ನಮ್ಮನೆಗೆ ಆರು ಗಂಟೆ ದಾರಿ. ಆಂಬುಲೆನ್ಸ್ ಅಂದ್ರೆ ಅಮ್ಮ "ನಿಮ್ಮಪ್ಪ ಹತ್ತಿ ಹೋದೋರು ಬರ್ಲೇ ಇಲ್ಲ, ನಾನು ಸತ್ರೂ ಹತ್ತಲ್ಲ" ಅಂತ ಕೂತಿದಾಳೆ. ನಮ್ಮ ಹಳೇ ಡಬ್ಬಾ ಕಾರಲ್ಲಿ ಮಕ್ಕಳ ಮಂಡಿಗೇ ಜಾಗ ಇಲ್ಲ. ಜೊತೆಗೆ ಏರು ಕಂಡ್ರೆ ನಿಂತುಬಿಡುತ್ತೆ, ಹೋದ ತಿಂಗಳು ಮೂರು ಸಲ ತಳ್ಳಿದ್ದೀನಿ. ಇದೆಲ್ಲದರ ಮೇಲೆ ನಿನ್ನ ಕಾಗದದ ಕೊನೆ ಸಾಲು: "ನಾನು ಹಿಂದಿನಿಂದ ಬಸ್ಸಲ್ಲಿ ಬರ್ತೀನಿ. ಕಾರಲ್ಲಿ ನನಗೆ ಜಾಗ ಇರಲ್ಲ ಬಿಡು."

ಅದನ್ನ ಓದಿ ನಾನು ನಿನ್ನ ಭಾವನಿಗೆ ಹೇಳಿದೆ, ಅಮ್ಮನ ಕಾಲೂ ಹಿಡೀಬೇಕು, ನನ್ನ ತಂಗಿಯೂ ಹಿಡೀಬೇಕು, ದಾರೀಲಿ ನಿಲ್ಲಲೂಬಾರದು, ಅಂಥ ಕಾರು ಹುಡುಕಿ. ಅವರು "ಕಾರು ಬೇಕಾ, ಬಸ್ಸು ಬೇಕಾ?" ಅಂದ್ರು.

ನಿನ್ನ ಭಾವ ಬಣ್ಣಕ್ಕೆ ಮರುಳಾಗೋರು, ನಿನಗೆ ಗೊತ್ತಲ್ಲ. ಮೊದಲು ನೋಡಿದ್ದು ಕೆಂಪು ಕಾರು, ಕನ್ನಡಿ ಥರ ಮಿಂಚ್ತಿತ್ತು. ನಮ್ಮ ಬೀದಿ ಮೂಲೆಯ ಮೆಕ್ಯಾನಿಕ್ಕನ್ನ ಜೊತೆಗೆ ಕರ್ಕೊಂಡು ಹೋಗಿದ್ವಿ, ಮಕ್ಕಳು ಅವರನ್ನ ಗ್ರೀಸ್ ಮಾವ ಅಂತಾರೆ. ಆ ಮನುಷ್ಯ ಬಾಗಿಲು ಕೂಡ ತೆಗೀಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು, "ಬೆಚ್ಚಗಿದೆ, ಬನ್ನಿ ಹೋಗೋಣ" ಅಂದ್ರು. ನಾವು ಬರೋ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದಾರೆ, ತಣ್ಣಗಿದ್ದಾಗ ಅದು ಏಳಲ್ಲ ಅಂತ ಅರ್ಥವಂತೆ. ಮಾರೋನ ಮುಖ ನೋಡಬೇಕಿತ್ತು ನೀನು! ಪೆಚ್ಚಾಗಿ ನಿಂತಿದ್ದ.

ಎರಡನೇದು ಬೂದು ಬಣ್ಣದ್ದು, ಎಂಜಿನ್ ಗಟ್ಟಿ. ಇಲ್ಲಿ ಮಾನ ಕಳ್ಕೊಂಡೋಳು ನಾನು. ನನ್ನ ಹೊಲಿಗೆ ಅಂಗಡಿಯ ಹಳೇ ಅಳತೆ ಪುಸ್ತಕ ತೆಗೆದು ಅಮ್ಮನ ಅಳತೆ ಬರ್ಕೊಂಡು ಹೋಗಿದ್ದೆ. ಟೇಪ್ ಹಿಡಿದು ಹಿಂದಿನ ಸೀಟನ್ನ ಈ ಬಾಗಿಲಿಂದ ಆ ಬಾಗಿಲಿಗೆ ಅಳೆದೆ. ಬೆನ್ನಿಗೆ ದಿಂಬು ಸೇರಿಸಿದ್ರೂ ಅಳತೆ ಕೂದಲೆಳೆ ತಪ್ಪದೆ ಕೂತಿತು. ಜೊತೆಗೆ ಬಂದಿದ್ದ ನಮ್ಮತ್ತೆ ಬೇರೆ ಹತ್ತಿ, ಕಾಲು ಚಾಚಿ ಕೂತು, "ಆಹಾ, ಸೊಗಸಾಗಿದೆ, ನಾನು ಇಲ್ಲೇ ಇರ್ತೀನಿ" ಅಂದ್ರು. ಅವರು ಇರೋದೇ ಮೊಳದುದ್ದ, ಅವರಿಗೆ ಬುಟ್ಟಿಯೂ ಸೊಗಸೇ. ನಾನು ಸಂತೋಷದಲ್ಲಿ ಇದೇ ಇರ್ಲಿ ಅಂದುಬಿಟ್ಟೆ. ಗ್ರೀಸ್ ಮಾವ ನನ್ನ ಚೀಟಿ ಇಸ್ಕೊಂಡು ನೋಡಿದ್ರು. ತಲೆ ಕೆರ್ಕೊಂಡು ಕೇಳಿದ್ರು:

"ಟೈಲರಮ್ಮಾ, ನಿಮ್ಮ ತಾಯಿ ಕಾಲಿಗೆ ಪಾದ ಇಲ್ವಾ?"

ನಾನು ಸೊಂಟದಿಂದ ಕಣಕಾಲಿಗೆ ಲೆಕ್ಕ ಹಾಕಿದ್ದೆ ಕಣೇ! ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲೀತಿದ್ದೀನಿ, ಬಟ್ಟೆ ಕಣಕಾಲಿಗೆ ಮುಗಿಯುತ್ತೆ, ಮನುಷ್ಯರೂ ಅಲ್ಲಿಗೇ ಮುಗೀತಾರೆ ಅಂತ ಕೈಗೆ ರೂಢಿ. ಅಮ್ಮನ ಉದ್ದ ಕಾಲಿಗೆ ಆ ಕಾರು ಆಗ್ತಾನೇ ಇರ್ಲಿಲ್ಲ. ಪಾದ ಬಾಗಿಲಿಗೆ ಒತ್ತಿ, ರಸ್ತೆಯ ಪ್ರತಿ ಗುಂಡಿಗೂ ನೆಟ್ಟಗೆ ಮಂಡಿಗೇ ಏಟು. ನಿನ್ನ ಭಾವ ಮನೆಗೆ ಬರೋವರೆಗೂ ನಕ್ಕರು. ನಾನೂ ನಕ್ಕೆ. ಆದ್ರೆ ಅವತ್ತು ರಾತ್ರಿ ಚೀಟಿ ಮೇಲೆ "ಪಾದ" ಅಂತ ದಪ್ಪಗೆ ಬರ್ಕೊಂಡೇ ಮಲಗಿದೆ.

ಕೊನೆಗೆ ಸಿಕ್ಕಿದ್ದು, ಕೆಲಸ ನಿಲ್ಲಿಸಿದ ಹೂವಿನ ಅಂಗಡಿಯಾಕೆಯದ್ದು. ಇಪ್ಪತ್ತು ವರ್ಷ ಹೂವಿನ ಬುಟ್ಟಿ ಹೊತ್ತ, ಉದ್ದಕ್ಕೂ ಅಗಲಕ್ಕೂ ದೊಡ್ಡ ಕಾರು. ಡಿಕ್ಕಿ ಅಂತ ಬೇರೆ ಇಲ್ಲ, ಛಾವಣಿ ಹಿಂದಿನವರೆಗೂ ಒಂದೇ ಸಮ ಹೋಗಿದೆ. ಬಣ್ಣ ಒದ್ದೆ ಮಣ್ಣಿನದು. ಮಕ್ಕಳು ನೋಡಿದ ತಕ್ಷಣ ಎಮ್ಮೆ ಅಂತ ಹೆಸರಿಟ್ರು. ಗ್ರೀಸ್ ಮಾವ ಬೆಳಿಗ್ಗೆ ಆರಕ್ಕೇ ಹೋಗಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಸ್ಕ್ರೂಡ್ರೈವರ್‌ನ ಒಂದು ತುದಿ ಎಂಜಿನ್‌ಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕಣ್ಮುಚ್ಚಿ ನಿಂತ್ರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ವಿ. ಕಣ್ಬಿಟ್ಟು, "ಇದು ನಿಮ್ಮನ್ನ ದಾರೀಲಿ ಬಿಡಲ್ಲ" ಅಂದ್ರು. ಆಕೆ ಕೀಲಿ ಕೊಡುವಾಗ ಸೀಟು ಸವರಿ, "ಒಂದೊಂದು ಸಲ ಎಸಳು ಸಿಗುತ್ತೆ, ಬೇಜಾರು ಮಾಡ್ಕೋಬೇಡಿ" ಅಂದ್ರು.

ಈ ಸಲ ಪಾದ ಸೇರಿಸಿ ಅಳೆದೆ. ಸಾಲದು ಅಂತ ನಿನ್ನ ಭಾವನ ಮಂಡಿಗೆ ಎರಡು ಹಲಗೆ ಕಟ್ಟಿ ಮಲಗಿಸಿ, ನಾಲ್ಕು ಸುತ್ತು ಹೊಡೆಸಿದೆ. ಗ್ರೀಸ್ ಮಾವ ಬೇಕಂತಲೇ ಗುಂಡಿ ಇರೋ ಕಡೆಗೇ ಓಡಿಸಿದ್ರು. ಪಾದಕ್ಕೂ ಬಾಗಿಲಿಗೂ ನಡುವೆ ಒಂದು ಗೇಣು ಮಿಕ್ಕಿತ್ತು.

ಅಮ್ಮನಿಗೆ ನಡುವಿನ ಸೀಟು ಪೂರ್ತಿ. ಹಿಂದೆ ನೆಲದಿಂದ ಎದ್ದು ಬರೋ ಎರಡು ಪುಟ್ಟ ಸೀಟು ಇದೆ, ಮುಖ ಹಿಂದಕ್ಕೆ. ಅದರಲ್ಲಿ ನಾನು. ಮುಂದೆ ಭಾವನ ಪಕ್ಕದ ಸೀಟು ನಿನಗೆ. ಮಕ್ಕಳು ಅತ್ತೆ ಜೊತೆ ಮನೇಲಿರ್ತಾರೆ. ನಾಲ್ಕು ದಿನ ರಜೆ ಹಾಕು. ಈ ಕಾಗದ ಗುರುವಾರದೊಳಗೆ ನಿನ್ನ ಕೈ ಸೇರುತ್ತೆ, ಬಸ್ಸಿಗೆ ಟಿಕೆಟ್ ಮಾಡಿಸಿದ್ರೆ ವಾಪಸ್ ಮಾಡು.

ಆಸ್ಪತ್ರೆ, ಲೈಬ್ರರಿ ಅಂತ ಓಡಾಡಿ ಸೊರಗಿರ್ತೀಯ. ಹೊತ್ತಿಗೆ ಸರಿಯಾಗಿ ತಿನ್ನು, ಕಣ್ತುಂಬ ನಿದ್ದೆ ಮಾಡು. ನಿನಗೆ ಎಲ್ಲಾ ಒಳ್ಳೇದೇ ಆಗ್ಲಿ, ಮಗು.

ನಿನ್ನ
ಅಕ್ಕ

ಮರೆತ ಮಾತು: ಮರೆತಿದ್ದಲ್ಲ, ಪುಟ್ಟೀ. ಇಷ್ಟು ದಿನ ಕಾಗದ ಬರೆಯದೇ ಇದ್ದಿದ್ದು ಇದಕ್ಕೇ. ಮೂರು ವರ್ಷದ ಹಿಂದೆ ಅಪ್ಪನ್ನ ಸಮುದ್ರ ತೋರಿಸೋಕೆ ಕರ್ಕೊಂಡು ಹೋದಾಗ, ನಿನಗೆ ಕಾರಲ್ಲಿ ಜಾಗ ಇಲ್ಲ ಅಂದಿದ್ದೆ. ಜಾಗ ಇತ್ತು. ನಾನು ಹೊಲಿದ ಕೋಟನ್ನ ನೀನು ಬೇರೆ ಟೈಲರ್ ಹತ್ರ ಬಿಚ್ಚಿಸಿ ಹೊಲಿಸಿದೆ ಅಂತ ಉರೀತಿದ್ದೆ. ಆ ಸೀಟಿನ ಮೇಲೆ ಹೊದಿಕೆ ಗಂಟು ಇಟ್ಟೆ. ಅಪ್ಪ ನೀರಿನ ಹತ್ರ ಕೂತು "ಚಿಕ್ಕವಳು ಯಾಕೆ ಬರ್ಲಿಲ್ಲ?" ಅಂತ ಎರಡು ಸಲ ಕೇಳಿದ್ರು. "ಕರೆದೆ ಅಪ್ಪ, ಅವಳೇ ಬರಲ್ಲ ಅಂದ್ಲು" ಅಂದೆ. ಹತ್ತೊಂಬತ್ತು ದಿನಕ್ಕೆ ಹೋಗಿಬಿಟ್ರು. ನೀನು ಬರಲ್ಲ ಅಂದೆ ಅಂತಲೇ ನಂಬಿಕೊಂಡು ಹೋದ್ರು.

ಅಮ್ಮನಿಗೆ ಇದು ಗೊತ್ತಿಲ್ಲ. ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನನ್ನ ಮುಖ ನೋಡೋದು ಬೇಡ ಅನ್ನಿಸಿದ್ರೆ, ನನ್ನ ಸೀಟು ಹೇಗೂ ಹಿಂದಕ್ಕೆ ತಿರುಗಿದೆ. ಬೈಯೋದಾದ್ರೂ ಕಾರು ಹತ್ತಿ ಬೈಯಿ, ಆರು ಗಂಟೆ ದಾರಿ ಇದೆ. ಮುಂದಿನ ಸೀಟಿನ ಮೇಲೆ ನಾನು ಏನೂ ಇಟ್ಟಿಲ್ಲ.