ಎದುರುಮನೆಯಲ್ಲಿ ಖರ್ಚಾದ ದನಿ

ಗದಗ,
ಉರಿಮಾಸದ ಮೂವತ್ತೆಂಟನೆಯ ದಿನ, ೨೨೧೯

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಮಹಾನಂದಾ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಉರಿಮಾಸ ಎಂಬ ತಿಂಗಳಿಲ್ಲ, ಯಾವ ತಿಂಗಳಿಗೂ ಮೂವತ್ತೆಂಟನೆಯ ದಿನವಿಲ್ಲ. ಬಿಸಿಲು ಏರಿದ ಮೇಲೆ ನಮ್ಮವರು ಏಪ್ರಿಲ್ ಮತ್ತು ಮೇ ತಿಂಗಳನ್ನು ಬೆಸೆದು ಒಂದು ಮಾಡಿದರು, ಶಾಲೆ ಕಚೇರಿಗಳಿಗೆಲ್ಲ ಬೀಗ ಹಾಕಿ ಅದಕ್ಕೆ ಈ ಹೆಸರಿಟ್ಟರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಎರಡು ಕಡೆಯಿಂದ ಕಲಿತೆ. ಒಂದು ನಿಮ್ಮ ಕವಿತೆಗಳು, ಅವನ್ನು ಇಷ್ಟಪಟ್ಟು ಓದಿದೆ. ಇನ್ನೊಂದು ನಿಮ್ಮ ಫ್ಯಾಮಿಲಿ ಗ್ರೂಪುಗಳು, ಅವನ್ನು ಎಂ.ಎ. ಪದವಿಗಾಗಿ ಹಲ್ಲು ಕಚ್ಚಿಕೊಂಡು ಓದಿದೆ. ಒಂದೇ ಮನೆಯವರು ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೂವಿನ ಚಿತ್ರದೊಂದಿಗೆ ಶುಭೋದಯ ಕಳಿಸಿಕೊಂಡಿದ್ದೀರಿ. ದೊಡ್ಡಪ್ಪ ಮನೆಗೆ ಬರುವುದನ್ನು ಯಾಕೆ ಬಿಟ್ಟರು ಎಂದು ಒಬ್ಬರಾದರೂ ಕೇಳಿಲ್ಲ. ದೊಡ್ಡಪ್ಪನೂ ತಪ್ಪದೆ ಶುಭೋದಯ ಕಳಿಸಿದ್ದಾರೆ. ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಯಾರನ್ನಾದರೂ ಬೈಯಬೇಕೆನಿಸಿದೆ, ಮುಂದೆ ಹೇಳಲಿರುವ ಕೆಲಸ ಶುರುಮಾಡಿದವರು ನೀವು, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಾವಿರುವ ಬಗೆಯನ್ನು ಹೇಳುತ್ತೇನೆ. ನಮ್ಮ ಮನೆಗಳು ಅರ್ಧ ನೆಲದೊಳಗಿವೆ. ಬೀದಿಯಿಂದ ನೋಡಿದರೆ ಚಾವಣಿ ಮತ್ತು ಗಾಳಿಗೊಳವೆ ಮಾತ್ರ ಕಾಣುತ್ತವೆ. ಗಾಳಿಗೊಳವೆಯೆಂದರೆ ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಚಿಮಣಿ, ನಾಲ್ಕು ದಿಕ್ಕಿಗೂ ಅದಕ್ಕೆ ಬಾಗಿಲುಗಳಿವೆ. ಗಾಳಿ ಯಾವ ಕಡೆಯದೋ ಆ ಬಾಗಿಲನ್ನು ತೆರೆಯಬೇಕು, ತಪ್ಪು ಬಾಗಿಲು ತೆರೆದರೆ ಮನೆ ತುಂಬ ಧೂಳು. ಅದಕ್ಕೆಂದೇ ಪ್ರತಿ ಓಣಿಗೂ ಒಬ್ಬರು ಗಾಳಿಕೂಗುವವರು ಇರುತ್ತಾರೆ. ನಮ್ಮ ಓಣಿಗೆ ನನ್ನ ಅವ್ವ ಚಂಪಾವತಿ. ಬೆಳಗಾಗುತ್ತಲೇ ಮೇಲೆ ಹತ್ತಿ ನಿಂತು, "ಪಡುವಣ ಗಾಳಿ, ಪಡುವಣ ತೆಗೀರಿ" ಎಂದು ಅವಳು ಕೂಗಿದರೆ ಓಣಿಯ ತುದಿಯ ಮನೆಯಲ್ಲಿ ಮಲಗಿದವರೂ ಎದ್ದು ಕೂರುತ್ತಿದ್ದರು. ನಾವು ಈಗಲೂ ಜೋಳದ ರೊಟ್ಟಿಯನ್ನೇ ತಿನ್ನುತ್ತೇವೆ. ಈಗಲೂ ಮಧ್ಯಾಹ್ನ ಮಲಗುತ್ತೇವೆ. ಬದಲಾದದ್ದು ಮಾತು.

ನಿಮ್ಮ ಕಾಲದಲ್ಲಿ ಗಂಡ ಹೆಂಡತಿ ಮುನಿಸಿಕೊಂಡರೆ ನಡುವೆ ಒಂದು ಮಗುವನ್ನು ನಿಲ್ಲಿಸಿಕೊಳ್ಳುತ್ತಿದ್ದಿರಿ. "ನಿಮ್ಮಪ್ಪಗ ಹೇಳು, ಊಟಕ್ಕ ಬಾ ಅಂತ." "ನಿಮ್ಮವ್ವಗ ಹೇಳು, ಹಸಿವಿಲ್ಲಂತ." ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ. ಅತ್ತೆಗೆ ಹೇಳಬೇಕಾದದ್ದನ್ನು ನಾದಿನಿಗೆ ಹೇಳುತ್ತಿದ್ದಿರಿ, ಅಣ್ಣನಿಗೆ ಹೇಳಬೇಕಾದದ್ದನ್ನು ಅತ್ತಿಗೆಗೆ. ನಿಮಗೆ ಅದು ಒಂದು ದಿನದ ಮುನಿಸು. ನಿಮ್ಮ ಮಕ್ಕಳಿಗೆ ಅಭ್ಯಾಸವಾಯಿತು, ಅವರ ಮಕ್ಕಳಿಗೆ ಶಿಷ್ಟಾಚಾರ, ನಮಗೆ ಕಟ್ಟಳೆ.

ಈಗ ಪ್ರತಿ ಮನೆಗೂ ಒಂದು ಜೋಡಿಮನೆಯಿದೆ. ನಮ್ಮ ಮನೆಯ ಗಟ್ಟಿಮಾತನ್ನು ಆ ಮನೆಯವರು ಒಯ್ಯುತ್ತಾರೆ, ಅವರದನ್ನು ನಾವು. ಗಟ್ಟಿಮಾತೆಂದರೆ ಕೇಳಿದವರ ಮುಖ ಬಾಡಿಸುವ ಮಾತು. ಕಾಯಿಲೆ, ಸಾವು, ಮದುವೆ, ಮನೆಯ ಪಾಲು, ನೀನು ಮಾಡಿದ್ದು ನನಗೆ ಹಿಡಿಸಲಿಲ್ಲ ಎನ್ನುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಮನೆಯೊಳಗೆ ನಾವು ಆಡುವುದು ಮೆದುಮಾತು ಮಾತ್ರ: ಪಲ್ಯ ಚೆನ್ನಾಗಿದೆ, ಗಾಳಿ ತಂಪಾಗಿದೆ, ನಿನ್ನನ್ನು ಕಂಡರೆ ಸಂತೋಷ. ಒಯ್ಯುವವರಿಗೆ ನಡುವಿನವರು ಎನ್ನುತ್ತೇವೆ. ನಡುವಿನವರು "ನಿಮ್ಮ ತಾಯಿ ಹೀಗೆಂದರು" ಎನ್ನುವಂತಿಲ್ಲ. ತಾಯಿಯಾಗಿಯೇ ಹೇಳಬೇಕು, ಕೇಳುವವಳು ಮಗಳಾಗಿಯೇ ಕೇಳಬೇಕು. ಮುಗಿದ ಮೇಲೆ ಇಬ್ಬರೂ ನೀರು ಕುಡಿದು ತಮ್ಮ ತಮ್ಮ ಹೆಸರಿಗೆ ಮರಳುತ್ತಾರೆ. ಇದರಿಂದ ಒಳ್ಳೆಯದಾಗಿಲ್ಲ ಎಂದು ಹೇಳಲಾರೆ. ನಮ್ಮಲ್ಲಿ ಸಿಟ್ಟಿನಿಂದ ಹೆತ್ತವರ ಮನೆ ಬಿಟ್ಟು ಹೋದವರಿಲ್ಲ, ಪಾಲಿಗಾಗಿ ಅಣ್ಣತಮ್ಮಂದಿರು ಕೈ ಮಾಡಿದ್ದನ್ನು ನಾನು ಪಾಠದಲ್ಲಿ ಮಾತ್ರ ಓದಿದ್ದೇನೆ.

ನಮ್ಮ ಜೋಡಿಮನೆ ಎದುರಿನ ಮೌಲಾಸಾಹೇಬರದು. ಅವರ ಮಗಳು ಮೆಹರು, ನನ್ನ ವಯಸ್ಸಿನವಳು, ನನಗೂ ಅವ್ವನಿಗೂ ನಡುವಿನವಳು. ಅವಳಿಗೂ ಅವಳ ತಂದೆಗೂ ನಡುವಿನವಳು ನಾನು. ಮೆಹರು ತಂದೆಗೆ ಹೇಳಲಾರದ್ದನ್ನೆಲ್ಲ ನಾನು ಹೋಗಿ ಹೇಳಿದ್ದೇನೆ, ಅವರು ನನ್ನನ್ನು ಮಗಳೆಂದೇ ತಿಳಿದು ತಾಟು ಎತ್ತಿ ಒಗೆದಿದ್ದಾರೆ, ನಾನು ಅದನ್ನು ಎತ್ತಿ ಅವರ ಮುಂದೆಯೇ ಕುಕ್ಕಿದ್ದೇನೆ. ಆ ಮುದುಕರ ಜೊತೆ ಆಡಿದಷ್ಟು ಚೆನ್ನಾದ ಜಗಳವನ್ನು ನಾನು ಯಾರ ಜೊತೆಗೂ ಆಡಿಲ್ಲ. ಅವರಿಗೆ ಯಾವುದರ ಭಯ, ಯಾವ ಮಾತಿಗೆ ಮೆತ್ತಗಾಗುತ್ತಾರೆ, ನನಗೆ ಗೊತ್ತು. ನನ್ನ ಅವ್ವನ ಬಗ್ಗೆ ನನಗೆ ಗೊತ್ತಿರುವುದೆಂದರೆ ಅವಳಿಗೆ ಮೆಂತ್ಯೆ ಪಲ್ಯ ಇಷ್ಟ ಎಂಬುದು.

ಉರಿಮಾಸ ಹುಟ್ಟುವ ಮೊದಲೇ ಅವ್ವನ ದನಿ ಒಡೆಯತೊಡಗಿತು. ಒಂದು ದಿನ ಮೆಹರು ಬಂದು ನನ್ನ ಎದುರು ಕೂತು, ಅವ್ವನಾಗಿ ಹೇಳಿದಳು: "ಮಹಾನಂದಾ, ಗಂಟಲದಾಗ ಗಡ್ಡಿ ಐತಂತ. ಉರಿಮಾಸ ಮುಗಿಯೂದ್ರಾಗ ಕೊಯ್ದ್ರ ನಾ ಉಳೀತೀನಿ, ದನಿ ಉಳಿಯೂದಿಲ್ಲ. ದನಿ ಇಲ್ಲದಾಕಿ ನಿಂಗ ಯಾತಕ್ಕ ಬೇಕು?" ಅವ್ವ ಆಗ ಒಳಗಿನ ಕೋಣೆಯಲ್ಲಿ ಹಾಸಿಗೆ ಕೊಡವುತ್ತಿದ್ದಳು. ಸಪ್ಪಳ ಕೇಳಿಸುತ್ತಿತ್ತು.

ನಾನು ಉತ್ತರ ಕೊಟ್ಟೆ. "ನಿನ್ನ ದನಿ ಇಲ್ಲದಿದ್ರೂ ನಡೀತೈತಿ ಅವ್ವಾ. ನೀ ಇಲ್ಲದಿದ್ರ ನಡಿಯೂದಿಲ್ಲ." ಮೆಹರು ತಲೆಯಾಡಿಸಿ ಹೋದಳು. ಅವತ್ತು ಊಟಕ್ಕೆ ಕೂತಾಗ ಅವ್ವ ಗಾಳಿ ತಂಪಾಗಿದೆ ಎಂದಳು, ನಾನು ಹೌದೆಂದೆ.

ಆಮೇಲೆ ಅವ್ವ ದಿನವೂ ಎದುರುಮನೆಗೆ ಹೋಗಿ ಕೂರತೊಡಗಿದಳು. ಅಲ್ಲಿಂದ ಅವಳ ಒಡೆದ ದನಿ ಗಾಳಿಗೊಳವೆಯಲ್ಲಿ ಇಳಿದು ನನಗೆ ಕೇಳುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದು ನಗುತ್ತ ರೊಟ್ಟಿ ಮುರಿಯುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಇನ್ನು ಸ್ವಲ್ಪವೇ ಉಳಿದಿರುವ ದನಿ, ಅದನ್ನೂ ಎದುರುಮನೆಯಲ್ಲಿ ಖರ್ಚು ಮಾಡಿ ನನ್ನ ಪಾಲಿಗೆ ಬರೀ ನಗು ತರುತ್ತಿದ್ದಾಳೆ. ಕೊನೆಗೆ ಮೆಹರು ಮತ್ತೆ ಬಂದು ಹೇಳಿದಳು: "ನಾ ಕೊಯ್ಸ್ಕೊಳ್ಳೂದಿಲ್ಲ. ನಿಂಗ ನಡೀತೈತಲ್ಲ, ನಡೀಲಿ ಬಿಡು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೀರು ಕುಡಿಯುವ ಮೊದಲೇ ಕೇಳಿದೆ, "ಎರಡನೇ ಮಾತು ಹೇಳಲಿಲ್ಲೇನು ನೀ?"

"ಯಾವುದು?"

"ನೀ ಇಲ್ಲದಿದ್ರ ನಡಿಯೂದಿಲ್ಲ ಅನ್ನೂದು."

"ಅದು ಮೆದುಮಾತಲ್ಲೇನವಾ, ನೀನ ಹೇಳಬೇಕಾದದ್ದು. ನಿಮ್ಮವ್ವನ ಮ್ಯಾಲಿನ ಪ್ರೀತಿ ನಾ ಹೊತ್ಗೊಂಡು ಹೋದ್ರ ಓಣಿಯವರು ನಗ್ತಾರ."

ಮೆಹರುವಿನ ತಪ್ಪಿಲ್ಲ. ಎರಡೂ ಬೆರೆತ ಮಾತು ಬಂದರೆ ಗಟ್ಟಿ ಅರ್ಧವನ್ನು ನಡುವಿನವಳು ಒಯ್ಯಬೇಕು, ಮೆದು ಅರ್ಧವನ್ನು ಮನೆಯವರು ಹೇಳಬೇಕು, ಇದು ಕಟ್ಟಳೆ. ಸಾವು ಇದೆಯಲ್ಲ ಎಂದು ನಾನು ಅದನ್ನು ಗಟ್ಟಿಮಾತೆಂದುಕೊಂಡೆ. ಪ್ರೀತಿ ಇದೆಯಲ್ಲ ಎಂದು ಅವಳು ಮೆದುಮಾತೆಂದುಕೊಂಡಳು. ಹೀಗಾಗಿ ನನ್ನ ಅವ್ವ ಇಷ್ಟು ದಿನ ಅರ್ಧ ಮಾತನ್ನು ಎದೆಯಲ್ಲಿಟ್ಟುಕೊಂಡು ನನ್ನ ಪಲ್ಯವನ್ನು ಹೊಗಳುತ್ತ ಕೂತಿದ್ದಳು. ಹೇಳಿ, ಇಂಥ ತಪ್ಪನ್ನು ನಮ್ಮನ್ನು ಬಿಟ್ಟರೆ ಯಾರು ಮಾಡಿಯಾರು?

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಅವ್ವಾ, ನೀ ಇಲ್ಲದಿದ್ರ ನನಗ ನಡಿಯೂದಿಲ್ಲ. ಕೊಯ್ಸ್ಕೋ."

ಅವ್ವ ರೊಟ್ಟಿ ಕೆಳಗಿಟ್ಟು, ನಾನು ಮೈಮೇಲೆ ಬಟ್ಟೆಯಿಲ್ಲದೆ ಬಂದು ನಿಂತೆನೋ ಎಂಬಂತೆ, ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮೆಹರೂನ್ನ ಕರಿ."

"ಕರಿಯೂದಿಲ್ಲ."

"ಮನೀ ಮರ್ಯಾದಿ ಅನ್ನೂದು ಐತೋ ಇಲ್ಲೋ ನಿಂಗ? ಉಣ್ಣೂ ತಾಟಿನ ಮುಂದ ಇಂಥಾ ಮಾತು."

"ಐತಿ. ಯಾಕ ಬ್ಯಾಡ ಅಂತ ಅಷ್ಟು ಹೇಳು."

ಅವಳು ನನ್ನತ್ತ ಬೆನ್ನು ಮಾಡಿ, ಮೂಲೆಯಲ್ಲಿದ್ದ ನೀರಿನ ಕೊಡದ ಕಡೆ ತಿರುಗಿದಳು. "ಕೇಳಿಸ್ಕೊಂಡಿ ಇಲ್ಲೋ? ಈಕಿ ಮಾತಾಡೂ ಚೆಂದ ನೋಡು. ಈಕಿಗೆ ಹೇಳು, ನಾ ಈಕಿ ಜೋಡಿ ಮಾತಾಡೂದಿಲ್ಲಂತ."

ನಾನು ಎದ್ದು ಕೊಡವನ್ನು ಎತ್ತಿ ಹೊರಗಿಟ್ಟು ಬಂದೆ. ಬಂದು ನೋಡಿದರೆ ಅವ್ವನಿಗೆ ನಗು ತಡೆಯಲಾಗದೆ ಭುಜ ಕುಣಿಯುತ್ತಿತ್ತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

"ಇಷ್ಟು ವರ್ಷ ನಿನ್ನ ಜೋಡಿ ಏನೂ ಮಾತಾಡಿಲ್ಲ ನಾ," ಎಂದಳು. "ಮಾತಾಡಬೇಕಂದ್ರ ಮಾತಾಡಬಹುದು ಅಂತಾದ್ರೂ ಇತ್ತು. ದನಿ ಹೋದ್ರ ಅದೂ ಹೋಗ್ತೈತಿ. ನಿನ್ನ ಮುಂದ ಮೂಕಿ ಆಗಿ ಕೂಡೂದಕಿಂತ ಹೋಗೂದ ಚಲೋ ಅನ್ನಿಸ್ತು."

"ಹಂಗಾರ ಈಗ ಮಾತಾಡು."

"ಏನಂತ ಮಾತಾಡ್ಲಿ?"

"ಬೈ."

ತಪ್ಪು ಮಾಡಿದೆ. ಅವತ್ತಿನಿಂದ ಅವಳು ನಿಲ್ಲಿಸಿಲ್ಲ. ಕೊಯ್ಯಿಸಿಕೊಳ್ಳಲು ಒಪ್ಪಿದ್ದಾಳೆ, ಆದರೆ ಅಲ್ಲಿಯವರೆಗೆ ದನಿಯೆಲ್ಲ ತನ್ನದು, ತಾನು ಬೇಕಾದಂತೆ ಬಳಸುವೆ ಎಂದಿದ್ದಾಳೆ. ನಾನು ಉಪ್ಪು ಕಡಿಮೆ ಹಾಕುತ್ತೇನಂತೆ. ತಲೆ ಬಾಚುವುದಿಲ್ಲವಂತೆ. ಪುಸ್ತಕವನ್ನು ತುಟಿ ಅಲ್ಲಾಡಿಸುತ್ತ ಓದುತ್ತೇನೆ, ಒಂದು ದಿನವಾದರೂ ಅವಳಿಗೆ ಕೇಳುವಂತೆ ಓದಿಲ್ಲವಂತೆ. ಓದಿ ಹೇಳಿದರೆ, ಇದರಾಗ ಏನೈತಿ, ಬರೇ ಅಳೂದು ಎನ್ನುತ್ತಾಳೆ. ಮೌಲಾಸಾಹೇಬರ ಮನೆಗೆ ಹೋದಾಗ ಮಾತ್ರ ನಾನು ಗಟ್ಟಿಯಾಗಿ ನಗುತ್ತೇನೆ, ಅದು ಗಾಳಿಗೊಳವೆಯಲ್ಲಿ ಇಳಿದು ಅವಳಿಗೆ ಕೇಳುತ್ತಿತ್ತಂತೆ. ಮೊನ್ನೆ ಸೊಪ್ಪು ಸೋಸುತ್ತ, ತಲೆಯೆತ್ತದೆ, "ನೀ ಗಂಡನ್ನ ಬಿಟ್ಟು ಬಂದಾಗ ನಾ ಮೆಹರೂನ್ನ ತಬ್ಕೊಂಡು ಅತ್ತೆ. ನಿನ್ನ ತಬ್ಕೋಬೇಕಿತ್ತು," ಎಂದಳು. ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಸೊಪ್ಪಿನಲ್ಲಿ ಹುಳ ಸಿಕ್ಕಿತು, ಅದಕ್ಕೂ ನನ್ನನ್ನೇ ಬೈದಳು.

ಓಣಿಯವರು ನಮ್ಮನ್ನು ಕಂಡು ಮುಖ ತಿರುಗಿಸುತ್ತಾರೆ. ಮೆಹರು ಮುನಿಸಿಕೊಂಡಿದ್ದಾಳೆ. "ನಿಮ್ಮವ್ವ ಈಗ ನನ್ನ ಕಡೆ ಬರೂದೇ ಇಲ್ಲ, ನನಗೂ ಆಕಿ ಅವ್ವ ಆಗಿದ್ಳು," ಎಂದು ಬಾಗಿಲಲ್ಲೇ ನಿಂತು ಅಂದಳು. ನಿಜ, ಇಪ್ಪತ್ತು ವರ್ಷಗಳ ಮಗಳುತನವನ್ನು ಒಂದು ಊಟದ ಹೊತ್ತಿಗೆ ಕಸಿದುಕೊಂಡೆ. ಬಂದು ಕೂತು ಬೈಸಿಕೋ ಎಂದೆ. ಬಂದು ಕೂತಳು. ಈಗ ಅವ್ವ ಇಬ್ಬರನ್ನೂ ಬೈಯುತ್ತಾಳೆ. ನನಗೆ ಸಾಕಾಗಿದೆ. ತಲೆ ಸಿಡಿಯುತ್ತದೆ. ನಾಳಿದ್ದು ಬೆಳಗ್ಗೆ ಕೊಯ್ಯುತ್ತಾರೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಮನೆಯಲ್ಲಿ ಇವತ್ತು ಯಾರಿಗೋ ಏನೋ ಹೇಳುವುದಿದೆ, ನನಗೆ ಗೊತ್ತು, ನಿಮ್ಮ ಸಂದೇಶಗಳನ್ನು ಓದಿದವಳು ನಾನು. ಬಾಗಿಲಲ್ಲಿ ಆಡುತ್ತಿರುವ ಮಗುವನ್ನು ಕರೆಯಬೇಡಿ. ತಂಗಿಗೆ ಫೋನ್ ಮಾಡಿ ನೀನೇ ಸ್ವಲ್ಪ ಹೇಳು ಎನ್ನಬೇಡಿ. ಸರಿಯಾದ ಮಾತು ಸಿಗಲಿ ಎಂದು ಕಾಯಬೇಡಿ, ನಾವು ಇನ್ನೂರು ವರ್ಷ ಕಾದು ಮಾತನ್ನು ಎಷ್ಟು ನಯ ಮಾಡಿದರೂ ಅದು ಅರ್ಧವೇ ತಲುಪಿತು. ಕೆಟ್ಟದಾಗಿ ಹೇಳಿ, ತಡವರಿಸಿ, ತಾಟು ಒಗೆಸಿಕೊಳ್ಳಿ, ಆದರೆ ಯಾರಿಗೆ ಹೇಳಬೇಕೋ ಅವರಿಗೇ ಹೇಳಿ.

ಸಾರಿಗೆ ನೀರು ಹೆಚ್ಚಾಯಿತು ಎಂದು ಶುರುವಾದ ಜಗಳವನ್ನು ಅರ್ಧಕ್ಕೆ ಬಿಟ್ಟು, ಸಿಟ್ಟಿನಿಂದ ಎದ್ದು ಬಂದು ನಾನು ಇದನ್ನು ಬರೆಯುತ್ತ ಕೂತಿದ್ದೇನೆ. ಒಳಗೆ ಅವ್ವ ಇನ್ನೂ ಮಾತಾಡುತ್ತಿದ್ದಾಳೆ. ದನಿ ಜರಡಿ ತಿಕ್ಕಿದಂತಿದೆ, ನಡುನಡುವೆ ಇಲ್ಲವಾಗುತ್ತದೆ, ಮತ್ತೆ ಬರುತ್ತದೆ. ಅವಳಿಗೆ ಹೇಳಬೇಕಾದದ್ದನ್ನು ಇನ್ನೂರು ವರ್ಷ ಹಿಂದಿನ ನಿಮಗೆ ಹೇಳುತ್ತಿದ್ದೇನೆ ನೋಡಿ, ಇದೂ ನಿಮ್ಮಿಂದಲೇ ಬಂದ ಚಾಳಿ. ಸಾಕು. ಇಲ್ಲಿಗೆ ನಿಲ್ಲಿಸಿ ಒಳಗೆ ಹೋಗುತ್ತೇನೆ.

ನಿಮ್ಮ,
ಮಹಾನಂದಾ