ನೀಲಿ ಗುರುತಿನ ಕುರಿಗಳು

ರಾಮನಗರ
ಶುಕ್ರವಾರ

ಅನುಷಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತಿಗಿಂತ ನನ್ನ ದನಿಯನ್ನು ಕೇಳುತ್ತೀಯ. ಅದು ಯಾವ ಕಡೆ ವಾಲುತ್ತದೆಂದು ನೋಡುತ್ತೀಯ. ಅದಕ್ಕೇ ಬರೆದಿದ್ದೇನೆ. ನಾಳೆ ನಿನ್ನ ಚಿಕ್ಕಮ್ಮ ಕನಕಪುರದ ನಿನ್ನ ರೂಮಿಗೆ ಬರುವಾಗ ತಂದುಕೊಡುತ್ತಾಳೆ.

ಸೋಮವಾರ ನೀನು ಯಾದಗಿರಿಯಲ್ಲಿ ಪಶು ಆಸ್ಪತ್ರೆಯ ಸರ್ಕಾರಿ ಕೆಲಸಕ್ಕೆ ಸೇರಬೇಕು. ಇಲ್ಲವಾದರೆ ನೇಮಕಾತಿ ಆದೇಶ ರದ್ದು. ಸೇರದಿದ್ದರೆ ವಿರೂಪಾಕ್ಷಿಪುರದ ಮನೆಗೇ ಮರಳಿ, ಡಿಪ್ಲೊಮಾ ಓದುವಾಗಿನಿಂದ ಹೇಳುತ್ತಿರುವಂತೆ ಬಂಡೂರು ತಳಿಯ ಟಗರು ಬೆಳೆಸುವುದು. ಎರಡರಲ್ಲಿ ಯಾವುದೆಂದು ನೀನು ಕೇಳಿದಾಗ ನಿನ್ನಪ್ಪ 'ನಿನ್ನಿಷ್ಟ ಕಣವ್ವ' ಅಂದನಂತೆ. ನೀನು ಹೆದರಿ ನನಗೆ ಫೋನ್ ಮಾಡಿದೆ. 'ಚಿಕ್ಕಪ್ಪ, ಅಪ್ಪ ಮನ್ಸಲ್ಲಿ ಏನೋ ಮಡಿಕಂಡೈತೆ. ಒಸಿ ಹೋಗ್ ನೋಡ್ಕಂಡ್ ಬಾ.'

ನನಗೂ ಹಾಗೇ ಅನ್ನಿಸಿತು. ನಮ್ಮಣ್ಣ ಗಂಗರಾಜು ಬಸ್ಸಿನಲ್ಲಿ ಯಾವ ಕಿಟಕಿಯ ಪಕ್ಕ ಕೂರಬೇಕೆಂದು ಕೂಡ ಹೇಳಿಕೊಡುವವನು. ಅವನ ಬಾಯಲ್ಲಿ 'ನಿನ್ನಿಷ್ಟ' ಎಂಬ ಮಾತು ಬಂದರೆ, ಅದರ ಹಿಂದೆ ಯಾವುದೋ ತೀರ್ಮಾನ ಆಗಿಹೋಗಿರಬೇಕು. ಮೇಲಾಗಿ ಆಡಿಟ್ ಇಲಾಖೆಯಲ್ಲಿ ಕೂತು ಕೂತು, ಸರಿಯಾಗಿ ಕಾಣುವುದನ್ನೇ ಮೊದಲು ಅನುಮಾನಿಸುವುದು ನನಗೆ ಅಭ್ಯಾಸವಾಗಿದೆ.

ನಿನ್ನೆ ಊರಿಗೆ ಹೋದೆ. ದೊಡ್ಡಿಯ ಬಾಗಿಲಲ್ಲಿ ಕುರಿ ವ್ಯಾಪಾರದ ಹಬೀಬ್ ನಿಂತಿದ್ದ. ಒಳಗೆ ಕೆಲವು ಕುರಿಗಳ ಬೆನ್ನಿಗೆ ಇನ್ನೂ ಹಸಿಯಾಗಿದ್ದ ನೀಲಿ ಬಣ್ಣ. ಅವು ನಿನ್ನವು. ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಹೆಸರಿಗೂ ಒಂದು ಹೆಣ್ಣುಮರಿ ಬಿಡುವುದುಂಟಲ್ಲ, ನಿನಗೆಂದು ಅಜ್ಜ ಬಿಟ್ಟ ಮರಿಯ ಸಂತತಿ. ನನಗೆ ಎಲ್ಲ ತಿಳಿದುಹೋಯಿತು ಅಂದುಕೊಂಡೆ. ಬಾಯಲ್ಲಿ ನಿನ್ನಿಷ್ಟ ಅಂದು, ನೀನು ಉತ್ತರ ಹೇಳುವ ಮೊದಲೇ ಕುರಿಗಳನ್ನು ಮಾರಿಬಿಟ್ಟರೆ ನಿನಗೆ ಯಾದಗಿರಿ ಬಿಟ್ಟು ಬೇರೆ ಗತಿಯಿರುವುದಿಲ್ಲ.

'ಏನ್ ಸಾರ್, ಆಡಿಟ್ ಕುರಿದೊಡ್ಡಿಗೂ ಬಂತಾ?' ಅಂದ ಹಬೀಬ್. ನೀಲಿಯವನ್ನು ಎಷ್ಟಕ್ಕೆ ಮಾತಾಡಿದೆ ಎಂದು ಕೇಳಿದೆ. 'ಅವ್ನ ಮುಟ್ಟಂಗೇ ಇಲ್ಲ ಅಂದ್ಬುಟ್ರು ನಿಮ್ಮಣ್ಣ. ಒಳ್ಳೊಳ್ಳೆ ಕುರಿ ಎಲ್ಲಾ ಅದ್ರಲ್ಲೇ ಅವೆ' ಎಂದು ಮುಖ ಹುಳ್ಳಗೆ ಮಾಡಿಕೊಂಡ.

ನಮ್ಮವ್ವ ಜಗಲಿಯಿಂದಲೇ ಕೂಗಿದಳು: 'ಗಂಡ್ಮಕ್ಳಿಗೆ ಪಾಲು ಬುಡ್ಸೋವಾಗ ಹಾಕೋ ಗುರ್ತು ಕಣ್ಲಾ ಅದು! ನಿನ್ ಪಾಲ್ಗೂ ಹಾಕಿರ್ಲಿಲ್ವಾ? ಓದಿ ಓದಿ ಮರ್ತ್ಬುಟ್ಟಾ?'

ಮರೆತಿರಲಿಲ್ಲ. ಹೆಣ್ಣುಮಗಳ ಕುರಿಗೆ ಆ ಗುರುತು ಬಿದ್ದುದನ್ನು ನಾನು ಎಂದೂ ನೋಡಿರಲಿಲ್ಲ. ಅದಕ್ಕೇ ಅದು ಮಾರಾಟದ ಗುರುತಾಗಿ ಕಂಡಿತು.

ಆದರೂ ಅನುಮಾನ ಹೋಗಲಿಲ್ಲ. ಪಾಲು ಬಿಡಿಸುವುದೆಂದರೆ ಕೊಡುವುದೂ ಹೌದು, ಹೊರಗೆ ಕಳಿಸುವುದೂ ಹೌದು. ನಿನ್ನಪ್ಪನನ್ನೇ ಕೇಳಿದೆ. 'ಅವು ಅವಳವು. ಮೇಯ್ಸುದ್ರೂ ಸೈ, ಮಾರುದ್ರೂ ಸೈ. ಯಾದಗಿರಿಗೆ ಹೋದ್ರೆ ನಾನ್ ನೋಡ್ಕತೀನಿ.' ಅವನ ಮನಸ್ಸಿನಲ್ಲಿ ಯಾವುದಿದೆ ಎಂದು ಕೇಳಿದೆ. 'ಹೇಳಕಿಲ್ಲ ಹೋಗ್ಲಾ. ಹೇಳುದ್ರೆ ಬಸ್ ಹತ್ತೋಕ್ ಮುಂಚೆನೇ ಫೋನ್ ಮಾಡಿ ಊದ್ಬುಡ್ತೀಯ.' ಅಂದವನು ಕೈಗೆ ಹತ್ತಿದ್ದ ನೀಲಿ ತೊಳೆಯಲು ತೊಟ್ಟಿಯ ಕಡೆ ಹೋದ. ಬಹಳ ಹೊತ್ತು ತೊಳೆದ.

ಮೋಸ ಎಲ್ಲಿದೆ ನೋಡಿ ಬಾ ಎಂದು ನೀನು ಕಳಿಸಿದ್ದೆ. ಹುಡುಕಿದೆ, ಸಿಗಲಿಲ್ಲ. ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತಾಗ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಣ್ಣ ನಿನ್ನನ್ನು ಒಂದು ಕಡೆಗೆ ತಳ್ಳುತ್ತಿದ್ದಾನೆಂದು ಗೊತ್ತಾಗಿದ್ದರೆ, ನಾವಿಬ್ಬರೂ ಸೇರಿ ಅವನನ್ನು ಬೈದು, ನೀನು ಇನ್ನೊಂದು ಕಡೆಗೆ ಹೋಗಬಹುದಿತ್ತು. ಎಷ್ಟು ಸುಲಭವಾಗುತ್ತಿತ್ತು. ನೀನು ಅದಕ್ಕಾಗಿಯೇ ನನ್ನನ್ನು ಕಳಿಸಿದೆಯೇನೋ ಎಂದು ಈಗ ನಿನ್ನ ಮೇಲೂ ಅನುಮಾನ.

ನನ್ನನ್ನೂ ನಂಬಬೇಡ. ಸರ್ಕಾರಿ ಕೆಲಸ ಹಿಡಿ ಎಂಬ ಮಾತು ನಾಲಗೆಯ ತುದಿಯಲ್ಲಿದೆ. ಆ ಮನೆಯಿಂದ ಹೊರಟವನು ನಾನೊಬ್ಬನೇ ಆಗಬಾರದೆಂಬ ಆಸೆ ಅದರೊಳಗೆ ಕೂತಿದೆಯೋ ಏನೋ. ನಿನ್ನನ್ನು ಯಾರೂ ತಳ್ಳುತ್ತಿಲ್ಲ, ಅನುಷಾ. ಎರಡೂ ದಾರಿಗಳು ನಿಜಕ್ಕೂ ತೆರೆದಿವೆ. ನಾನು ತಂದ ಸುದ್ದಿಯಲ್ಲಿ ಹೆದರಬೇಕಾದದ್ದು ಇದೊಂದೇ.

ತಪ್ಪಿದರೂ ಆ ತಪ್ಪು ಪೂರ್ತಿ ನಿನ್ನದೇ ಆಗಲಿ ಎಂದು ಹರಸುವ,

ನಿನ್ನ ಚಿಕ್ಕಪ್ಪ
ಮುತ್ತುರಾಜು